ಆಲ್ಪ್ಸ್ ಕಣಿವೆಗೆ ಮೇ ರಜೆಯಲ್ಲೋ, ಕ್ರಿಸ್‌ಮಸ್ ರಜೆಯಲ್ಲೋ?

ಪ್ರಶ್ನೆ: ನಾನು ಧಾರವಾಡದಲ್ಲಿ ಶಿಕ್ಷಕಿ. ತಮ್ಮ ಮ್ಯೂನಿಕ್‌ನಲ್ಲಿದ್ದಾನೆ. ಅಪ್ಪ (72 ವರ್ಷ, ಬಿಪಿ ಇದೆ, ಮೊಣಕಾಲು ನೋವು), ಅಮ್ಮ (66), ನಾವು ಗಂಡ-ಹೆಂಡತಿ, 13 ಮತ್ತು 8 ವರ್ಷದ ಇಬ್ಬರು ಮಕ್ಕಳು ಸೇರಿ ಸ್ವಿಟ್ಜರ್‌ಲೆಂಡಿನ ಲೌಟರ್‌ಬ್ರುನ್ನೆನ್ ಕಣಿವೆಯಲ್ಲಿ ಒಂದು ವಾರ ಇದ್ದು ಬರಬೇಕೆಂಬ ಆಸೆ. ಮೇ ತಿಂಗಳ ರಜೆಯಲ್ಲಿ ಹೋಗುವುದೋ, ಕ್ರಿಸ್‌ಮಸ್ ರಜೆಯಲ್ಲೋ? ಅಪ್ಪನನ್ನು ಬೆಟ್ಟದ ಮೇಲಿನ ರೈಲು ನಿಲ್ದಾಣ ಯುಂಗ್‌ಫ್ರೌಯೋಖ್‌ಗೆ ಕರೆದುಕೊಂಡು ಹೋಗಬಹುದೇ? ಮಕ್ಕಳು ಸ್ಕೀ ಕಲಿಯಬಹುದೇ? ನಾವು ಸಸ್ಯಾಹಾರಿಗಳು, ಊಟಕ್ಕೆ ಏನು ಮಾಡುವುದು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮನೆಯವರಿಗೆ ಈ ಎರಡೂ ರಜೆಗಳಿಗಿಂತ ದಸರಾ ರಜೆ ಒಳ್ಳೆಯದು. ಅದು ಆಗುವುದೇ ಇಲ್ಲವೆಂದರೆ ಕ್ರಿಸ್‌ಮಸ್. ಮೇ ತಿಂಗಳು ಕೊನೆಯ ಆಯ್ಕೆ.

ನಮ್ಮ ಶಾಲೆಗಳ ಬೇಸಿಗೆ ರಜೆಗೂ ಆಲ್ಪ್ಸ್‌ನ ಬೇಸಿಗೆಗೂ ತಾಳೆಯಾಗುವುದಿಲ್ಲ. ಇಲ್ಲಿ ಏಪ್ರಿಲ್-ಮೇ ಬಿರುಬಿಸಿಲಿನಲ್ಲಿ ನಾವು ಬೆಟ್ಟದ ತಂಪನ್ನು ನೆನೆಯುವ ಹೊತ್ತಿಗೆ ಅಲ್ಲಿ ಚಳಿಗಾಲ ಮುಗಿದಿರುತ್ತದೆ, ಬೇಸಿಗೆ ಇನ್ನೂ ಶುರುವಾಗಿರುವುದಿಲ್ಲ. ಸ್ಕೀ ಇಳಿಜಾರುಗಳು ಮುಚ್ಚಿರುತ್ತವೆ. 2,000 ಮೀಟರಿನ ಆಸುಪಾಸಿನ ಕಾಲುದಾರಿಗಳ ಮೇಲೆ ಹಳೆಯ ಹಿಮ ಕೆಸರಾಗಿ ಬಿದ್ದಿರುತ್ತದೆ. ಕೇಬಲ್ ಕಾರ್‌ಗಳನ್ನು ವರ್ಷದ ರಿಪೇರಿಗೆಂದು ನಿಲ್ಲಿಸುವುದೂ ಬಹುತೇಕ ಈ ಸಮಯದಲ್ಲೇ; ಮೇಲಿನ ಹಳ್ಳಿಗಳ ಎಷ್ಟೋ ಹೋಟೆಲುಗಳು ಬಾಗಿಲು ಹಾಕಿ ತಮ್ಮ ರಜೆಗೆ ಹೋಗಿರುತ್ತವೆ. ಪ್ರವಾಸದ ಕರಪತ್ರಗಳಲ್ಲಿ ನೀವು ನೋಡುವ ಹೂವಿನ ಹುಲ್ಲುಗಾವಲು ಜೂನ್ ನಡುವಿನಿಂದ ಜುಲೈವರೆಗಿನದು. ಆಗ ನಮ್ಮಲ್ಲಿ ಶಾಲೆ ಶುರುವಾಗಿಬಿಟ್ಟಿರುತ್ತದೆ.

ಮೇ ತಿಂಗಳಿಗೆ ಒಂದೇ ಒಂದು ದೊಡ್ಡ ಹೆಚ್ಚುಗಾರಿಕೆಯಿದೆ, ಅದು ನೀರು. ಹಿಮ ಕರಗುವ ಹೊತ್ತಾದ್ದರಿಂದ ಜಲಪಾತಗಳು ಮೈತುಂಬಿರುತ್ತವೆ. ಲೌಟರ್‌ಬ್ರುನ್ನೆನ್ ಹಳ್ಳಿ ಸುಮಾರು 800 ಮೀಟರ್ ಎತ್ತರದಲ್ಲಿದೆ. ಹಿಮನದಿಯೊಂದು ಸಾವಿರಾರು ವರ್ಷ ಕೊರೆದು ಬಿಟ್ಟುಹೋದ ಕಣಿವೆಯಾದ್ದರಿಂದ ತಳ ಚಪ್ಪಟೆ, ಎರಡೂ ಬದಿ ಗೋಡೆ ಎಬ್ಬಿಸಿದ ಹಾಗೆ ನೆಟ್ಟಗೆ ನಿಂತ ಬಂಡೆ. ಮೇಲಿನ ಹಳ್ಳಗಳಿಗೆ ಇಳಿದು ಬರಲು ಇಳಿಜಾರೇ ಇಲ್ಲ, ಅಂಚಿನಿಂದ ಧುಮುಕಬೇಕು. ಹಳ್ಳಿಯ ನೆತ್ತಿಯ ಮೇಲೇ ಇರುವ ಸ್ಟೌಬ್‌ಬಾಖ್ ಸುಮಾರು 300 ಮೀಟರ್ ಬೀಳುತ್ತದೆ, ಅರ್ಧ ದಾರಿಯಲ್ಲೇ ಗಾಳಿಗೆ ಸಿಕ್ಕಿ ಪುಡಿಯಾಗುತ್ತದೆ. ಹೆಸರಿನ ಅರ್ಥವೇ ಧೂಳಿನ ಹಳ್ಳ. ಜೋಗದ ರಾಜಾ ಕವಲನ್ನು ನೋಡಿದವರಿಗೆ ಇದು ತೆಳ್ಳಗೆ ಕಾಣಬಹುದು, ಆದರೆ ಇದರ ಸೊಗಸು ಆ ತೆಳುವಿನಲ್ಲೇ ಇದೆ. ಸ್ವಲ್ಪ ಮುಂದೆ ಟ್ರ್ಯುಮ್ಮೆಲ್‌ಬಾಖ್ ಇದೆ. ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಶಿಖರಗಳ ಹಿಮನದಿಗಳ ನೀರು ಬಂಡೆಯ ಹೊಟ್ಟೆಯೊಳಗೆ ಹತ್ತು ಹಂತಗಳಲ್ಲಿ ಧುಮುಕುತ್ತದೆ. ರಭಸದ ದಿನಗಳಲ್ಲಿ ಸೆಕೆಂಡಿಗೆ 20,000 ಲೀಟರ್‌ವರೆಗೆ. ಬಂಡೆಯೊಳಗಿನ ಲಿಫ್ಟ್‌ನಲ್ಲಿ ಮೇಲೆ ಹೋಗಿ ಮೆಟ್ಟಿಲಿಳಿಯುತ್ತಾ ನೋಡಬಹುದು. ಮೆಟ್ಟಿಲು ಒದ್ದೆ, ಜಾರುತ್ತದೆ. ಅಪ್ಪನವರು ಲಿಫ್ಟ್‌ನಲ್ಲೇ ಹೋಗಿ ಲಿಫ್ಟ್‌ನಲ್ಲೇ ಇಳಿಯಲಿ. ಏಪ್ರಿಲ್‌ನಿಂದ ನವೆಂಬರ್ ಮೊದಲ ದಿನಗಳವರೆಗೆ ಮಾತ್ರ ತೆರೆದಿರುವುದರಿಂದ ಕ್ರಿಸ್‌ಮಸ್‌ಗೆ ಹೋದವರಿಗೆ ಇದು ಸಿಗುವುದಿಲ್ಲ.

ಇನ್ನು ದಸರಾ ಏಕೆಂದರೆ, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಎರಡು ವಾರ ಆ ಕಣಿವೆಯ ಅತ್ಯಂತ ನೆಮ್ಮದಿಯ ಕಾಲ. ಜುಲೈ-ಆಗಸ್ಟ್‌ನಲ್ಲಿ ಮಧ್ಯಾಹ್ನವಾದರೆ ಸಾಕು, ಗುಡುಗು ಮಳೆ ಕಟ್ಟಿಕೊಳ್ಳುತ್ತದೆ; ಶರತ್ಕಾಲದಲ್ಲಿ ಅದು ಬಹಳ ಕಡಿಮೆ. ಕೆಳಗೆ ಬರ್ನ್ ನಗರ ಮಂಜಿನಲ್ಲಿ ಮುಳುಗಿ ಕೂತಿದ್ದರೂ ಮೇಲಿನ ಹಳ್ಳಿಗಳಲ್ಲಿ ಬಿಸಿಲು ಹರಡಿರುತ್ತದೆ. ಜೂನ್‌ನಲ್ಲಿ ಬೆಟ್ಟದ ಮೇವಿಗೆ ಹತ್ತಿಸಿದ್ದ ದನಗಳನ್ನು ಸೆಪ್ಟೆಂಬರ್‌ನಲ್ಲಿ ಇಳಿಸಿ ತಂದಿರುತ್ತಾರೆ, ಹಳ್ಳಿಯ ಸುತ್ತ ಗಂಟೆಯ ಸದ್ದು. ಜನಜಂಗುಳಿ ಅರ್ಧಕ್ಕರ್ಧ ಇಳಿದಿರುತ್ತದೆ. ಬೆಳಗ್ಗೆ ಏಳೂವರೆಯಿಂದ ಸಂಜೆ ಏಳರವರೆಗೆ ಬೆಳಕಿರುತ್ತದೆ, ವಯಸ್ಸಾದವರೊಂದಿಗೆ ನಿಧಾನವಾಗಿ ತಿರುಗಲು ಅಷ್ಟು ಹೊತ್ತು ಬೇಕೇ ಬೇಕು. ಜಲಪಾತ ಮಾತ್ರ ಸೊರಗಿರುತ್ತದೆ. ಒಂದು ಎಚ್ಚರಿಕೆ: ದಸರಾ ಅಕ್ಟೋಬರ್ ಮೂರನೇ ವಾರದಾಚೆಗೆ ಜಾರುವ ವರ್ಷಗಳಲ್ಲಿ ಕೇಬಲ್ ಕಾರ್‌ಗಳ ವೇಳಾಪಟ್ಟಿ ನೋಡಿಯೇ ವಿಮಾನದ ಟಿಕೆಟ್ ತೆಗೆಸಿ, ಏಕೆಂದರೆ ಶರತ್ಕಾಲದ ರಿಪೇರಿ ಆಗ ಶುರುವಾಗುತ್ತದೆ.

ಎಲ್ಲಿ ಉಳಿಯಬೇಕೆಂದು ನೀವು ಕೇಳಿಲ್ಲ, ಆದರೆ ಋತುವಿನಷ್ಟೇ ಮುಖ್ಯವಾದ ಮಾತು ಅದು. ಕಣಿವೆಯ ತಳದಲ್ಲಿ ಬೇಡ. ಎರಡು ಬದಿ ಬಂಡೆಯ ನಡುವೆ ಸೂರ್ಯ ತಡವಾಗಿ ಬಂದು ಬೇಗ ಹೋಗುತ್ತಾನೆ, ಡಿಸೆಂಬರ್‌ನಲ್ಲಂತೂ ಬಿಸಿಲು ಕೆಲವೇ ಗಂಟೆ. ಮೇಲೆ ಎರಡು ಹಳ್ಳಿಗಳಿವೆ: ಒಂದು ದಂಡೆಯಲ್ಲಿ 1,274 ಮೀಟರಿನ ವೆಂಗೆನ್, ಎದುರು ದಂಡೆಯಲ್ಲಿ 1,638 ಮೀಟರಿನ ಮ್ಯೂರೆನ್. ಎರಡರಲ್ಲೂ ಕಾರಿಗೆ ಪ್ರವೇಶವಿಲ್ಲ. ನಿಮಗೆ ನಾನು ಹೇಳುವುದು ವೆಂಗೆನ್. ಲೌಟರ್‌ಬ್ರುನ್ನೆನ್‌ನಲ್ಲಿ ರೈಲು ಬದಲಿಸಿ ಕಾಲು ಗಂಟೆಯಲ್ಲಿ ಹಳ್ಳಿಯ ನಡುಮಧ್ಯೆ ಇಳಿಯುತ್ತೀರಿ. ನಡುವಿನ ಹಲ್ಲುಹಳಿಯನ್ನು ಕಚ್ಚಿಕೊಂಡು ಏರುವ ಆ ರೈಲು 1893ರಿಂದ ಓಡುತ್ತಿದೆ. ಮಧ್ಯಾಹ್ನದ ಬಿಸಿಲು ಧಾರಾಳ. ಅಪ್ಪನವರಿಗೆ ಎಲ್ಲೂ ಹೋಗಲು ಮನಸ್ಸಿಲ್ಲದ ದಿನ ಬೆಂಚಿನ ಮೇಲೆ ಕೂತರೆ ಎದುರಿಗೇ 4,158 ಮೀಟರಿನ ಯುಂಗ್‌ಫ್ರೌ. ತಾಸುಗಟ್ಟಲೆ ಪ್ರಯಾಣ ಮಾಡಿ ನೋಡಬೇಕಾದ್ದು ಮನೆಯಂಗಳದಲ್ಲೇ ಇರುವಾಗ ಆ ಬೆಂಚಿಗೆ ಒಂದು ಇಡೀ ದಿನ ಮೀಸಲಿಡಿ.

ಈಗ ಯುಂಗ್‌ಫ್ರೌಯೋಖ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಬರ್ನ್‌ನಲ್ಲಿದ್ದ ವರ್ಷಗಳಲ್ಲಿ ಶಿವಮೊಗ್ಗದಿಂದ ಅಮ್ಮ ಬಂದಿದ್ದರು. ವಿಮಾನ ಇಳಿದ ಮರುದಿನವೇ, ಆಕಾಶ ಶುಭ್ರವಾಗಿದೆ ಎಂಬ ಒಂದೇ ಕಾರಣಕ್ಕೆ, ಅವರನ್ನು ಮೇಲೆ ಕರೆದುಕೊಂಡು ಹೋದೆ. ಅಲ್ಲಿನ ಸುರಂಗದಲ್ಲಿ ಹತ್ತು ಹೆಜ್ಜೆ ಬಿರುಸಾಗಿ ನಡೆದರು, ತಲೆ ಸುತ್ತುತ್ತಿದೆ ಎಂದು ಗೋಡೆ ಹಿಡಿದರು. ತುಟಿ ನೀಲಿಗಟ್ಟಿತ್ತು. ಮುಂದಿನ ರೈಲಿನಲ್ಲೇ ಇಳಿಸಿದೆ. 2,061 ಮೀಟರಿನ ಕ್ಲೈನೆ ಶೈಡೆಗ್ ತಲುಪುವಷ್ಟರಲ್ಲಿ ಕಾಫಿ ಕೇಳುವ ಮಟ್ಟಿಗೆ ಸುಧಾರಿಸಿದ್ದರು. ಅವರಿಗೆ ಏನೂ ಆಗಲಿಲ್ಲ, ಆದರೆ ಆ ಅರ್ಧ ಗಂಟೆಯನ್ನು ನಾನು ಮರೆತಿಲ್ಲ.

ಕಾರಣ ಇಷ್ಟೇ. ಆ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಉದ್ಯಮಿ ಅಡೋಲ್ಫ್ ಗೈಯರ್-ಝೆಲ್ಲರ್ ಅವರ ಯೋಜನೆಯಂತೆ 1896ರಲ್ಲಿ ಶುರುವಾಗಿ 1912ರಲ್ಲಿ ಮುಗಿದ ಹಳಿ ಅದು, 9 ಕಿಲೋಮೀಟರಿನಲ್ಲಿ 7 ಕಿಲೋಮೀಟರಿಗೂ ಹೆಚ್ಚು ಸುರಂಗ. ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ, ಅಂದರೆ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಮೂರನೇ ಒಂದರಷ್ಟು ಕಡಿಮೆ. ನಡೆದು ಹತ್ತುವವರಿಗೆ ಈ ಎತ್ತರಕ್ಕೆ ದಿನಗಳು ಬೇಕು, ದೇಹ ಅಷ್ಟರಲ್ಲಿ ಒಗ್ಗಿಕೊಳ್ಳುತ್ತದೆ. ರೈಲು ಎರಡು ಗಂಟೆಯಲ್ಲಿ ಕೊಂಡೊಯ್ಯುತ್ತದೆ, ದೇಹಕ್ಕೆ ಸಮಯವೇ ಇರುವುದಿಲ್ಲ.

ಅಪ್ಪನವರ ಬಿಪಿ ಮಾತ್ರೆಯಿಂದ ಹಿಡಿತದಲ್ಲಿದೆಯೇ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಬೇರೆ ಇದೆಯೇ ಎಂಬುದನ್ನು ಅವರ ವೈದ್ಯರೇ ನೋಡಬೇಕು. ಹೊರಡುವ ಮೊದಲು, 3,450 ಮೀಟರ್ ಎಂಬ ಅಂಕಿಯನ್ನು ಬಾಯಿಬಿಟ್ಟು ಹೇಳಿಯೇ ಕೇಳಿ. ‘ಬೆಟ್ಟಕ್ಕೆ ಹೋಗಬಹುದಾ’ ಎಂದರೆ ಅವರು ನಂದಿಬೆಟ್ಟ ಎಂದುಕೊಂಡಾರು. ವೈದ್ಯರು ಸರಿ ಎಂದರೆ ವೆಂಗೆನ್‌ನಲ್ಲಿ ಮೂರು ರಾತ್ರಿ ಕಳೆದ ಮೇಲೆ ಹೋಗಿ. ಹಗುರ ತಿಂಡಿ, ಆಗಾಗ ನೀರು, ಮೇಲೆ ಒಂದೂವರೆ ಗಂಟೆಗಿಂತ ಹೆಚ್ಚು ಬೇಡ, ಮೆಟ್ಟಿಲಿರುವ ಕಡೆ ಲಿಫ್ಟ್. ಬರೀ ಸುಸ್ತಾದರೆ ಕೂತು ಸುಧಾರಿಸಿಕೊಳ್ಳಬಹುದು. ತಲೆನೋವು ಏರುತ್ತಾ ಹೋದರೆ, ವಾಂತಿ ಬಂದರೆ, ನಡಿಗೆ ತೂರಾಡಿದರೆ ಚರ್ಚೆ ಮಾಡದೆ ಇಳಿಯಿರಿ, ಇಳಿಯುವುದೇ ಔಷಧ. ಟಿಕೆಟನ್ನು ತಿಂಗಳ ಮೊದಲೇ ಧಾರವಾಡದಿಂದ ಕಾಯ್ದಿರಿಸಬೇಡಿ. ಅಲ್ಲಿನ ಕ್ಯಾಮೆರಾಗಳ ನೇರ ದೃಶ್ಯ ಎಷ್ಟೋ ಹೋಟೆಲುಗಳ ಟಿವಿಯಲ್ಲಿ ಬರುತ್ತದೆ. ಮೋಡ ಮುಸುಕಿದ ದಿನ ಮೇಲೆ ಹೋದವರು ಅಷ್ಟು ದುಡ್ಡು ಕೊಟ್ಟು ಬಿಳಿ ಗೋಡೆ ನೋಡಿ ಬಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ವೈದ್ಯರು ಬೇಡ ಎಂದರೆ ಸಂಕಟಪಡಬೇಡಿ. ವೆಂಗೆನ್‌ನಿಂದ ಕೇಬಲ್ ಕಾರ್‌ನಲ್ಲಿ ಮೆನ್ಲಿಖೆನ್‌ಗೆ ಹೋಗಿ, ಸುಮಾರು 2,230 ಮೀಟರ್. ಅಲ್ಲಿಂದ ಕ್ಲೈನೆ ಶೈಡೆಗ್‌ವರೆಗೆ ಸುಮಾರು ನಾಲ್ಕೂವರೆ ಕಿಲೋಮೀಟರ್ ಕಾಲುದಾರಿ, ಅಗಲವಾಗಿ, ಸ್ವಲ್ಪ ಸ್ವಲ್ಪವೇ ಇಳಿಯುತ್ತಾ ಹೋಗುತ್ತದೆ. ಒಂದೂವರೆ ಗಂಟೆಯ ನಡಿಗೆ, ನೀವು ಎರಡೂವರೆ ಗಂಟೆ ಹಿಡಿಯಿರಿ. ಐಗರ್‌ನ ಉತ್ತರ ಗೋಡೆ ಇಡೀ ದಾರಿ ಕಣ್ಣೆದುರು ದೊಡ್ಡದಾಗುತ್ತಾ ಬರುತ್ತದೆ. ನನ್ನ ಮಟ್ಟಿಗೆ ಇಡೀ ಕಣಿವೆಯಲ್ಲಿ ಇದಕ್ಕಿಂತ ಒಳ್ಳೆಯ ಅರ್ಧ ದಿನವಿಲ್ಲ, ಯುಂಗ್‌ಫ್ರೌಯೋಖ್ ಸೇರಿಸಿ ಹೇಳುತ್ತಿದ್ದೇನೆ. ಮೊಣಕಾಲಿಗೆ ಇಳಿಜಾರೇ ಕಷ್ಟವಾದ್ದರಿಂದ ಅಪ್ಪನವರ ಕೈಗೆ ಎರಡು ಊರುಗೋಲು ಕೊಡಿ, ಒಂದು ಸಾಲದು. ಇನ್ನೊಂದು ದಿನ ಎದುರು ದಂಡೆಯಲ್ಲಿ ಗ್ರ್ಯೂಚ್‌ಆಲ್ಪ್‌ನಿಂದ ಮ್ಯೂರೆನ್‌ವರೆಗಿನ ದಾರಿ: ಪಕ್ಕದಲ್ಲೇ ಪುಟ್ಟ ರೈಲು ಓಡುತ್ತದೆ, ದಣಿದರೆ ನಡುವಿನ ವಿಂಟರೆಗ್ಗ್‌ನಲ್ಲಿ ಹತ್ತಿಕೊಳ್ಳಬಹುದು. ಮಳೆ ಬಂದ ದಿನ ಕಣಿವೆಯ ತಳದಲ್ಲಿ ಸ್ಟೆಖೆಲ್‌ಬರ್ಗ್ ಕಡೆಗೆ ಹೋಗುವ ಸಮತಟ್ಟು ದಾರಿ. ನಿಮಗೂ ಮಕ್ಕಳಿಗೂ ಇನ್ನೂ ನಡೆಯುವ ಹುಮ್ಮಸ್ಸಿದ್ದರೆ ಫಲಕದ ಬಣ್ಣ ನೋಡಿ. ಬರೀ ಹಳದಿಯಾದರೆ ಸಾಮಾನ್ಯ ದಾರಿ. ಬಿಳಿ-ಕೆಂಪು-ಬಿಳಿ ಪಟ್ಟೆಯಾದರೆ ಬೆಟ್ಟದ ದಾರಿ, ಒಳ್ಳೆಯ ಶೂ ಬೇಕು, ತಲೆತಿರುಗುವವರಿಗೆ ಬೇಡ. ಬಿಳಿ-ನೀಲಿ-ಬಿಳಿಯಾದರೆ ಅದು ನಿಮ್ಮ ದಾರಿಯಲ್ಲ.

ದಾರಿ ಮುಚ್ಚಿದೆ ಎಂಬ ಫಲಕ ಕಂಡರೆ ದಾಟಿ ಹೋಗಬೇಡಿ. ಈ ಕಣಿವೆಯ ತುದಿಯ ಶಿಖರಗಳ ಆಚೆ ಮಗ್ಗುಲಿನ ಲೋಚೆನ್‌ಟಾಲ್ ಕಣಿವೆಯಲ್ಲಿ 2025ರ ಮೇ 28ರಂದು ಹಿಮನದಿಯೊಂದು ಬಂಡೆಗಳ ಸಮೇತ ಕುಸಿದು ಬ್ಲಾಟೆನ್ ಎಂಬ ಹಳ್ಳಿಯನ್ನು ಬಹುಪಾಲು ಹೂತುಹಾಕಿತು. ಒಂಬತ್ತು ದಿನ ಮೊದಲೇ ಸುಮಾರು 300 ಜನರನ್ನು, ದನಕರುಗಳನ್ನು ಕೂಡ, ಸ್ಥಳಾಂತರ ಮಾಡಿದ್ದರಿಂದ ಊರು ಹೋದರೂ, ಒಬ್ಬರ ಹೊರತು, ಜನ ಉಳಿದರು. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್‌ಲೆಂಡಿನ ಹಿಮನದಿಗಳು ಹತ್ತನೇ ಒಂದು ಪಾಲು ಕರಗಿವೆ. ಬಂಡೆಗಳನ್ನು ಹಿಡಿದಿಟ್ಟಿದ್ದ ಮಂಜುಗಡ್ಡೆ ಸಡಿಲವಾಗುತ್ತಿದೆ. ಅಲ್ಲಿನವರು ದಾರಿ ಮುಚ್ಚಿದ್ದಾರೆಂದರೆ ಯಾರೋ ಆ ಬೆಟ್ಟವನ್ನು ಅಳೆಯುತ್ತಾ ಕೂತಿದ್ದಾರೆಂದು ಅರ್ಥ.

ಇನ್ನೊಂದು ಮಾತು, ಇದು ನನಗೆ ಮನಸ್ಸಿಗೆ ಹತ್ತಿರವಾದದ್ದು. ಹುಲ್ಲುಗಾವಲಿನೊಳಗೆ ಇಳಿದು ಫೋಟೋ ತೆಗೆಸಿಕೊಳ್ಳಬೇಡಿ. ನಮಗೆ ಅದು ಪಾರ್ಕಿನ ಹಾಗೆ ಕಾಣುತ್ತದೆ. ಅದು ಚಳಿಗಾಲದ ಮೇವು, ಕೊಯ್ದು ಒಣಗಿಸಿ ಅಟ್ಟಕ್ಕೆ ಏರಿಸಬೇಕಾದ ಬೆಳೆ. ನಿಮ್ಮ ಕಡೆ ಕಟಾವಿಗೆ ಬಂದ ಜೋಳದ ಹೊಲದಲ್ಲಿ ಯಾರಾದರೂ ತುಳಿದಾಡಿದರೆ ಸುಮ್ಮನಿರುತ್ತಾರೆಯೇ? ದನಗಳ ಹಿಂಡು ದಾರಿಗೆ ಅಡ್ಡ ನಿಂತಿದ್ದರೆ ದೂರದಿಂದ ಬಳಸಿ ಹೋಗಿ. ತಾಯಿಗೂ ಕರುವಿಗೂ ನಡುವೆ ಮಾತ್ರ ಹೋಗಬೇಡಿ. ಇಷ್ಟು ಪುಟ್ಟ ಕಣಿವೆಗೆ ದಿನಕ್ಕೆ ಬಂದುಹೋಗುವವರು ಎಷ್ಟು ಹೆಚ್ಚಾಗಿದ್ದಾರೆಂದರೆ ಕಾರಿನಲ್ಲಿ ಬರುವವರಿಗೆ ಶುಲ್ಕ ಹಾಕುವ ಮಾತೂ ಅಲ್ಲಿ ನಡೆದಿದೆ. ಒಂದು ವಾರ ಅಲ್ಲೇ ಇರಬೇಕೆಂಬ ನಿಮ್ಮ ಯೋಚನೆ ನನಗೆ ಇಷ್ಟವಾದದ್ದು ಅದಕ್ಕೇ.

ಕ್ರಿಸ್‌ಮಸ್‌ಗೇ ಹೋಗುವುದಾದರೆ ಲೆಕ್ಕ ಬೇರೆ. ಬೆಳಕು ಎಂಟೂಕಾಲರಿಂದ ನಾಲ್ಕೂಮುಕ್ಕಾಲರವರೆಗೆ ಮಾತ್ರ. ಬಾಡಿಗೆ ವರ್ಷದಲ್ಲೇ ಅತಿ ಹೆಚ್ಚು, ಎಷ್ಟೋ ಮನೆಗಳನ್ನು ಶನಿವಾರದಿಂದ ಶನಿವಾರಕ್ಕೆ ವಾರದ ಲೆಕ್ಕದಲ್ಲೇ ಕೊಡುತ್ತಾರೆ. ಹಿಮದ ಖಾತ್ರಿಯೂ ಮೊದಲಿನ ಹಾಗಿಲ್ಲ. ಮೇಲಿನ ಇಳಿಜಾರುಗಳಲ್ಲಿ ಇರುತ್ತದೆ, ಲೌಟರ್‌ಬ್ರುನ್ನೆನ್ ತಳದಲ್ಲಿ ಡಿಸೆಂಬರ್ ಕೊನೆಗೂ ಬರೀ ಹುಲ್ಲು ಇರಬಹುದು. ರಜೆಯನ್ನು ಜನವರಿಗೆ ಚಾಚುವ ಯೋಚನೆಯಿದ್ದರೆ ಒಂದು ಗಮನದಲ್ಲಿರಲಿ: ಜನವರಿ ನಡುವೆ ವೆಂಗೆನ್‌ನಲ್ಲಿ ಲೌಬರ್‌ಹಾರ್ನ್ ಸ್ಕೀ ಓಟ ನಡೆಯುತ್ತದೆ. 1930ರಿಂದ ನಡೆದುಬಂದಿರುವ, ಸುಮಾರು ನಾಲ್ಕೂವರೆ ಕಿಲೋಮೀಟರಿನ, ವಿಶ್ವಕಪ್‌ನ ಅತಿ ಉದ್ದದ ಇಳಿಜಾರು ಓಟ. ಆ ವಾರ ಹಳ್ಳಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಮಕ್ಕಳು ಸ್ಕೀ ಕಲಿಯಬಹುದೇ? ಖಂಡಿತ, ಆದರೆ ಒಂದು ದಿನಕ್ಕೆಂದು ಹೋಗಬೇಡಿ. ಮೊದಲ ದಿನ ಆ ಗಟ್ಟಿ ಬೂಟು ಹಾಕಿಕೊಂಡು ಬೀಳುವುದು, ಏಳುವುದು, ಅಳುವುದು, ಅಷ್ಟರಲ್ಲೇ ಮುಗಿಯುತ್ತದೆ. ಎರಡನೇ ದಿನ ನಿಲ್ಲುವುದು ಬರುತ್ತದೆ. ಮೂರನೇ ದಿನ ನಿಮ್ಮ ಎಂಟು ವರ್ಷದ ಮಗು ನಿಮ್ಮತ್ತ ಕೈಬೀಸಿಕೊಂಡು ಜಾರಿ ಬರುತ್ತದೆ, ಆ ಮುಖ ನೋಡಲಿಕ್ಕಾದರೂ ಮೂರು ಅರ್ಧ ದಿನ ಸ್ಕೀ ಶಾಲೆಗೆ ಸೇರಿಸಿ. ವೆಂಗೆನ್ ಹಳ್ಳಿಯ ನಡುವೆಯೇ ಕಲಿಯುವವರ ಇಳಿಜಾರಿದೆ, ಅಜ್ಜ-ಅಜ್ಜಿ ನಿಂತು ನೋಡಬಹುದು. ಬೂಟು, ಹೆಲ್ಮೆಟ್ ಎಲ್ಲ ಬಾಡಿಗೆಗೆ ಸಿಗುತ್ತವೆ. ಇಳಿಜಾರುಗಳಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಆ ವಾರ ನಿಮಗೆ ನೀಲಿ ಸಾಕು. ಹಿಮದ ಮೇಲೆ ಕೂತು ಜಾರುವ ಸ್ಲೆಡ್ಜ್ ಬಂಡಿಯನ್ನು ಯಾರು ಬೇಕಾದರೂ ಓಡಿಸಬಹುದು ಎಂದು ಹೇಳುವವರ ಮಾತು ನಂಬಬೇಡಿ. ಗಟ್ಟಿಯಾದ ಹಿಮದ ಮೇಲೆ ಮರದ ಸ್ಲೆಡ್ಜ್ ಸೈಕಲ್ಲಿಗಿಂತ ಜೋರಾಗಿ ಹೋಗುತ್ತದೆ, ಅದಕ್ಕಿರುವ ಬ್ರೇಕು ನಿಮ್ಮ ಹಿಮ್ಮಡಿಗಳು ಮಾತ್ರ. ಮಕ್ಕಳಿಗೆ ಹೆಲ್ಮೆಟ್ ಹಾಕಿ, ಸ್ಲೆಡ್ಜ್‌ಗೆಂದೇ ಗುರುತಿಸಿದ ದಾರಿಯಲ್ಲೇ ಹೋಗಿ. ಹಿರಿಯರಿಗೆ ಚಳಿಗಾಲದಲ್ಲೂ ಯಂತ್ರದಿಂದ ಹಿಮ ಒತ್ತಿ ಸಮ ಮಾಡಿದ ಕಾಲುದಾರಿಗಳಿವೆ, ಫಲಕ ಗುಲಾಬಿ ಬಣ್ಣದ್ದು. ಶೂ ಅಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿಯನ್ನು ಮೊದಲ ದಿನವೇ ಕೊಳ್ಳಿ. ವಯಸ್ಸಾದವರು ಬೀಳುವುದು ಬೆಟ್ಟದಲ್ಲಲ್ಲ, ಹೋಟೆಲಿನ ಬಾಗಿಲ ಮುಂದಿನ ಮಂಜುಗಡ್ಡೆಯ ಮೇಲೆ.

ಬಟ್ಟೆಗೆ ದುಬಾರಿ ಕೋಟು ಬೇಕಿಲ್ಲ, ಪದರ ಬೇಕು. ಒಳಗೆ ಉಣ್ಣೆಯ ಅಥವಾ ಬೆವರು ಹೀರದ ಬನಿಯನ್ನು, ಮೇಲೆ ಸ್ವೆಟರು, ಎಲ್ಲಕ್ಕೂ ಮೇಲೆ ಗಾಳಿ-ನೀರು ತಡೆಯುವ ಜಾಕೆಟ್ಟು. ಜೀನ್ಸ್ ಒದ್ದೆಯಾದರೆ ಒಣಗುವುದಿಲ್ಲ, ಬಿಟ್ಟು ಬನ್ನಿ. ಅಜ್ಜನ ಮಂಕಿ ಟೋಪಿ ಖಂಡಿತ ತನ್ನಿ, ಅದಕ್ಕಿಂತ ಒಳ್ಳೆಯದನ್ನು ಅಲ್ಲಿಯೂ ಮಾರುವುದಿಲ್ಲ. ಕಪ್ಪು ಕನ್ನಡಕ, ಮುಖಕ್ಕೆ ಸನ್‌ಸ್ಕ್ರೀನ್ ಎರಡೂ ಋತುವಿಗೆ ಬೇಕು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣದ ಬಹುಪಾಲನ್ನು ಮುಖಕ್ಕೇ ಹಿಂತಿರುಗಿಸುತ್ತದೆ.

ಊಟಕ್ಕೆ, ಅಡುಗೆಮನೆಯಿರುವ ಬಾಡಿಗೆ ಮನೆಯನ್ನೇ ಹಿಡಿಯಿರಿ. ದಿನಸಿ ಅಂಗಡಿ ವೆಂಗೆನ್‌ನಲ್ಲೇ ಇದೆ. ಅಕ್ಕಿ, ಮೊಸರು, ತರಕಾರಿ, ಹಾಲು ಎಲ್ಲ ಸಿಗುತ್ತವೆ. ತೊಗರಿಬೇಳೆ, ಸಾರಿನ ಪುಡಿ, ಒಗ್ಗರಣೆ ಸಾಮಾನು, ಪುಟ್ಟದೊಂದು ಕುಕ್ಕರ್ ಒಯ್ಯಿರಿ. ಕುಕ್ಕರ್ ಏಕೆಂದರೆ ಆ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಬಹಳ ಹೊತ್ತು. ಇಂಡಕ್ಷನ್ ಒಲೆಯಿರಬಹುದು, ಆದ್ದರಿಂದ ಅಲ್ಯೂಮಿನಿಯಂ ಬೇಡ, ಇಂಡಕ್ಷನ್‌ಗೆ ಆಗುವ ಸ್ಟೀಲಿನದ್ದೇ ಇರಲಿ. ಹೊರಗೆ ತಿನ್ನುವಾಗ ಆಲೂಗಡ್ಡೆ ತುರಿದು ಹುರಿದ ರೋಸ್ಟಿ ಒಳ್ಳೆಯದು, ಮೇಲೆ ಹಂದಿಮಾಂಸದ ಚೂರು ಹಾಕಬೇಡಿ ಎಂದು ಮೊದಲೇ ಹೇಳಿ. ಕರಗಿಸಿದ ಚೀಸಿನಲ್ಲಿ ಬ್ರೆಡ್ ಅದ್ದಿ ತಿನ್ನುವ ಫಾಂಡ್ಯೂಗೆ ವೈನ್ ಹಾಕುತ್ತಾರೆ. ಗ್ರುಯೇರ್‌ನಂಥ ಸಾಂಪ್ರದಾಯಿಕ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅಮ್ಮನವರಿಗೆ ಇದನ್ನು ಹೋಗುವ ಮೊದಲೇ ಹೇಳಿ, ತಿನ್ನುವುದು ಬಿಡುವುದು ಅವರ ನಿರ್ಧಾರ.

ಕೊನೆಗೆ ಕಾಗದಪತ್ರ. ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ದಸರಾಕ್ಕೆಂದರೆ ಏಪ್ರಿಲ್‌ನಿಂದಲೇ. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕೆಂಬ ನಿಯಮವಿದೆ. ಕಣಿವೆಯಲ್ಲಿ ಒಂದು ವಾರ, ಮ್ಯೂನಿಕ್‌ನಲ್ಲಿ ತಮ್ಮನ ಮನೆಯಲ್ಲಿ ಹತ್ತು ದಿನ ಎಂದಾದರೆ ನಿಮ್ಮ ಅರ್ಜಿ ಜರ್ಮನಿಗೆ, ಸ್ವಿಟ್ಜರ್‌ಲೆಂಡಿಗಲ್ಲ. ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಆದರೆ ಆ ವಿಮೆಯ ಸಣ್ಣ ಅಕ್ಷರಗಳನ್ನು ಓದಿ: ನಮ್ಮಲ್ಲಿ ಮಾರುವ ಎಷ್ಟೋ ಪಾಲಿಸಿಗಳು ಸ್ಕೀ ಅಪಘಾತಕ್ಕೂ ಮೊದಲಿನಿಂದಿರುವ ಕಾಯಿಲೆಗೂ ಹಣ ಕೊಡುವುದಿಲ್ಲ, ಅಂದರೆ ಮಕ್ಕಳಿಗೂ ಇಲ್ಲ, ಅಪ್ಪನವರಿಗೂ ಇಲ್ಲ. ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸಬೇಕಾಗಿ ಬಂದರೆ ಖರ್ಚು ಸಾವಿರಾರು ಫ್ರಾಂಕ್. ಎರಡನ್ನೂ ಒಳಗೊಂಡ ಪಾಲಿಸಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಸರಿಯೇ. ಅಪ್ಪನವರ ಮಾತ್ರೆಗಳು ಕೈಚೀಲದಲ್ಲಿರಲಿ, ಜೊತೆಗೆ ವೈದ್ಯರ ಚೀಟಿ. ಅದರಲ್ಲಿ ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು ಬರೆಸಿಕೊಳ್ಳಿ. ಮತ್ತು ಎಲ್ಲರ ಫೋನಿನಲ್ಲೂ ಎರಡು ನಂಬರು ಇರಲಿ: ಆಂಬ್ಯುಲೆನ್ಸ್‌ಗೆ 144, ಬೆಟ್ಟದ ಮೇಲಿನ ಹೆಲಿಕಾಪ್ಟರ್ ರಕ್ಷಣೆಗೆ 1414.